ಯೂನಿಕೋಡ್‌ನಲ್ಲಿ ಬ್ರೈಲ್: ಚುಕ್ಕಿಯ ವಿನ್ಯಾಸ ಮತ್ತು ಅಕ್ಷರದ ಅರ್ಥ

1. ಪ್ರಾಸ್ತಾವಿಕ

ಅಕ್ಷರಕ್ಕೆ ಕಿವಿಗೆ ಕೇಳುವ ರೂಪ ಒಂದು, ಕಣ್ಣಿಗೆ ಕಾಣುವ ರೂಪ ಇನ್ನೊಂದು ಎಂಬ ತಿಳಿವಳಿಕೆ ನಮ್ಮ ವ್ಯಾಕರಣ ಪರಂಪರೆಗೆ ಹೊಸದಲ್ಲ. ಬೆರಳಿಗೆ ಎಟಕುವ ಮೂರನೆಯ ರೂಪವೊಂದು ಅದಕ್ಕೆ ದೊರೆತದ್ದು 19ನೆಯ ಶತಮಾನದ ಫ್ರಾನ್ಸಿನಲ್ಲಿ. ಲೂಯಿ ಬ್ರೈಲ್ (1809-1852) ತನ್ನ ಪದ್ಧತಿಯನ್ನು 1829ರಲ್ಲಿ ಪ್ರಕಟಿಸಿ, 1837ರಲ್ಲಿ ಪರಿಷ್ಕರಿಸಿದನು. ಎರಡು ಸಾಲುಗಳಲ್ಲಿ ಮೂರು ಮೂರರಂತೆ ನಿಲ್ಲುವ ಆರು ಚುಕ್ಕಿಗಳಲ್ಲಿ ಯಾವುದು ಉಬ್ಬಿದೆ, ಯಾವುದು ಇಲ್ಲ ಎಂಬುದೇ ಈ ಲಿಪಿಯ ಸಮಸ್ತ ವ್ಯಾಕರಣ. ಎಡಸಾಲಿನ ಚುಕ್ಕಿಗಳನ್ನು ಮೇಲಿನಿಂದ ಕೆಳಕ್ಕೆ 1, 2, 3 ಎಂದೂ ಬಲಸಾಲಿನವನ್ನು 4, 5, 6 ಎಂದೂ ಎಣಿಸುವುದು ರೂಢಿ.

ಜಗತ್ತಿನ ಲಿಪಿಗಳಿಗೆಲ್ಲ ಗಣಕದಲ್ಲಿ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯು 1999ರಲ್ಲಿ ಹೊರಬಂದ ತನ್ನ 3.0 ಆವೃತ್ತಿಯಲ್ಲಿ ಬ್ರೈಲ್‌ಗೆ ಸ್ಥಾನ ನೀಡಿತು. ಅಂದಿನಿಂದ ಒಂದು ಗ್ರಹಿಕೆ ಬೆಳೆದುಬಂದಿದೆ: ಕನ್ನಡವೂ ಯೂನಿಕೋಡ್‌ನಲ್ಲಿದೆ, ಬ್ರೈಲೂ ಯೂನಿಕೋಡ್‌ನಲ್ಲಿದೆ, ಆದುದರಿಂದ ಕನ್ನಡ ಬ್ರೈಲ್ ಪಠ್ಯದ ಗಣಕೀಕರಣದ ಪ್ರಶ್ನೆ ಪರಿಹಾರವಾಗಿದೆ. ಈ ಗ್ರಹಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯೂನಿಕೋಡ್ ಸಂಕೇತಿಸಿರುವುದು ಬ್ರೈಲ್‌ನ ವಿನ್ಯಾಸಗಳನ್ನು. ಅವು ಯಾವ ಭಾಷೆಯಲ್ಲಿ ಯಾವ ಅಕ್ಷರವಾಗುತ್ತವೆ ಎಂಬುದು ಆ ಸಂಕೇತದಲ್ಲಿ ಇಲ್ಲವೇ ಇಲ್ಲ. ಈ ಆಯ್ಕೆ ಶಿಷ್ಟತೆಯ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಅದರ ಬೆಲೆಯನ್ನು ತೆರಬೇಕಾದವರು ಪಠ್ಯವನ್ನು ಸಂರಕ್ಷಿಸುವ ಗ್ರಂಥಾಲಯಗಳು ಮತ್ತು ಅದನ್ನು ಓದುವ ಅಂಧ ಓದುಗರು ಎಂಬುದು ಇಲ್ಲಿನ ಪ್ರತಿಪಾದನೆ.

2. 256 ವಿನ್ಯಾಸಗಳ ಪ್ರಸ್ತಾರ

ಯೂನಿಕೋಡ್‌ನ ಬ್ರೈಲ್ ವಿಭಾಗದಲ್ಲಿ 256 ಸಂಕೇತಗಳಿವೆ. ದಶಮಾನದಲ್ಲಿ ಹೇಳುವುದಾದರೆ ಅವು 10240ರಿಂದ 10495ರವರೆಗಿನ ಸಂಖ್ಯೆಗಳು. ಆರು ಚುಕ್ಕಿಗಳಿಂದ ಖಾಲಿ ಕೋಶವೂ ಸೇರಿ 64 ವಿನ್ಯಾಸಗಳಷ್ಟೇ ಸಾಧ್ಯ. ಗಣಕದ ಬಳಕೆಗಾಗಿ ಕೆಳಗೆ 7 ಮತ್ತು 8 ಎಂಬ ಎರಡು ಚುಕ್ಕಿಗಳನ್ನು ಸೇರಿಸಿದ ಎಂಟು ಚುಕ್ಕಿಯ ಬ್ರೈಲ್ ಆಗಲೇ ರೂಢಿಯಲ್ಲಿದ್ದುದರಿಂದ ಶಿಷ್ಟತೆಯು ಅದನ್ನೇ ಆಧಾರವಾಗಿ ಸ್ವೀಕರಿಸಿತು.

ಈ ವಿಭಾಗದ ರಚನಾಕ್ರಮವು ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಪರಿಚಿತವೆನಿಸುತ್ತದೆ. ಲಘು-ಗುರುಗಳ ಪ್ರಸ್ತಾರದಲ್ಲಿ ಆರು ಅಕ್ಷರದ ಪಾದವುಳ್ಳ ಗಾಯತ್ರಿಗೆ 64 ಸಮವೃತ್ತಗಳು, ಎಂಟು ಅಕ್ಷರದ ಅನುಷ್ಟುಪ್ಪಿಗೆ 256. ಪ್ರಸ್ತಾರದಲ್ಲಿ ಒಂದು ವಿನ್ಯಾಸ ಎಷ್ಟನೆಯದು ಎಂದು ಕಂಡುಹಿಡಿಯುವ ಉದ್ದಿಷ್ಟ ಕ್ರಮದಲ್ಲಿ ಅಕ್ಷರಗಳ ಮೇಲೆ 1, 2, 4, 8 ಎಂದು ಇಮ್ಮಡಿಸುತ್ತ ಅಂಕಗಳನ್ನು ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿ ಒಂದನ್ನು ಸೇರಿಸುತ್ತಾರೆ. ಬ್ರೈಲ್ ಸಂಕೇತದ ಲೆಕ್ಕವೂ ಇದೇ ಜಾತಿಯದು. ಚುಕ್ಕಿ 1ಕ್ಕೆ 1, ಚುಕ್ಕಿ 2ಕ್ಕೆ 2, ಚುಕ್ಕಿ 3ಕ್ಕೆ 4, ಹೀಗೆ ಚುಕ್ಕಿ 8ಕ್ಕೆ 128 ಎಂಬ ಬೆಲೆ. ಉಬ್ಬಿದ ಚುಕ್ಕಿಗಳ ಬೆಲೆಗಳನ್ನು ಕೂಡಿ 10240ಕ್ಕೆ ಸೇರಿಸಿದರೆ ಸಂಕೇತಸಂಖ್ಯೆ ದೊರೆಯುತ್ತದೆ. 1 ಮತ್ತು 3ನೆಯ ಚುಕ್ಕಿಗಳ ವಿನ್ಯಾಸಕ್ಕೆ 1, 4 ಕೂಡಿ 5. ಅದರ ಸಂಖ್ಯೆ 10245. ಸಂಖ್ಯೆಯಿಂದ ವಿನ್ಯಾಸವನ್ನು ಮರಳಿ ಪಡೆಯುವುದು ನಷ್ಟ ಕ್ರಮದಷ್ಟೇ ಸುಲಭ. 7 ಮತ್ತು 8ನೆಯ ಚುಕ್ಕಿಗಳ ಬೆಲೆ ಕೊನೆಯಲ್ಲಿ ಬರುವುದರಿಂದ ಸಾಂಪ್ರದಾಯಿಕ ಆರು ಚುಕ್ಕಿಯ ಬ್ರೈಲ್ ಸಮಗ್ರವಾಗಿ ಮೊದಲ 64 ಸ್ಥಾನಗಳಲ್ಲೇ ಅಡಕವಾಗಿದೆ.

ಹೆಸರುಗಳ ವಿಷಯದಲ್ಲಿಯೂ ಈ ವಿಭಾಗ ವಿಶಿಷ್ಟವಾದುದು. ಶಿಷ್ಟತೆಯಲ್ಲಿ ಕನ್ನಡದ ಅಕ್ಷರಗಳಿಗೆ ಧ್ವನಿಯನ್ನು ಸೂಚಿಸುವ ಹೆಸರುಗಳಿವೆ. ಬ್ರೈಲ್‌ನಲ್ಲಾದರೋ ಹೆಸರು ಎಂದರೆ ಚುಕ್ಕಿಗಳ ಕ್ರಮಸಂಖ್ಯೆ ಮಾತ್ರ: '1, 3 ಚುಕ್ಕಿಗಳ ಬ್ರೈಲ್ ವಿನ್ಯಾಸ'. ಈ ಸಂಯಮದ ಬೆಲೆ ತಿಳಿಯಲು ಕನ್ನಡ ವಿಭಾಗದಲ್ಲೇ ಒಂದು ನಿದರ್ಶನವಿದೆ. ಹಳಗನ್ನಡದ ೞ ಅಕ್ಷರವು ಶಿಷ್ಟತೆಯಲ್ಲಿ 'ಫ' ಎಂಬ ಅರ್ಥದ ತಪ್ಪು ಹೆಸರಿನಿಂದ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಸೇರಿಸಬೇಕಾಯಿತು. ಮೂಲದ ತಪ್ಪು ಹಾಗೆಯೇ ಉಳಿದಿದೆ. ಅರ್ಥವನ್ನು ಹೇಳಹೊರಟ ಹೆಸರು ತಪ್ಪಬಹುದು. ಚುಕ್ಕಿಗಳನ್ನಷ್ಟೇ ಎಣಿಸಿದ ಹೆಸರಿಗೆ ಆ ಅಪಾಯವಿಲ್ಲ.

3. ಒಂದು ವಿನ್ಯಾಸ, ಹಲವು ಅಕ್ಷರ

ಅರ್ಥವನ್ನು ಹೊರಗಿಟ್ಟುದಕ್ಕೆ ಮುಖ್ಯ ಕಾರಣ ಬ್ರೈಲ್‌ನ ಸ್ವಭಾವದಲ್ಲಿಯೇ ಇದೆ. 64 ವಿನ್ಯಾಸಗಳನ್ನು ಜಗತ್ತಿನ ಹಲವಾರು ಭಾಷೆಗಳು ಹಂಚಿಕೊಂಡಿವೆ. 1 ಮತ್ತು 6ನೆಯ ಚುಕ್ಕಿಗಳ ವಿನ್ಯಾಸ ಕನ್ನಡದಲ್ಲಿ 'ಛ'; ಸಂಕ್ಷೇಪವಿರುವ ಇಂಗ್ಲಿಷ್ ಬ್ರೈಲ್‌ನಲ್ಲಿ 'ಸಿ' ಮತ್ತು 'ಎಚ್' ಅಕ್ಷರಗಳ ಜೋಡಿ; ಜಪಾನಿ ಬ್ರೈಲ್‌ನಲ್ಲಿ 'ಕ' ಎಂಬ ಉಚ್ಚಾರಣೆಯ ಅಕ್ಷರ. 2, 3, 4, 6 ಚುಕ್ಕಿಗಳು ಕನ್ನಡದಲ್ಲಿ 'ಧ'ಕಾರವಾದರೆ ಇಂಗ್ಲಿಷಿನಲ್ಲಿ ನಿರ್ದೇಶಕ ಉಪಪದವಾದ 'ದಿ' ಎಂಬ ಇಡೀ ಶಬ್ದ. ಒಂದೇ ಭಾಷೆಯೊಳಗೂ ದ್ವಂದ್ವ ತಪ್ಪಿದ್ದಲ್ಲ. 3, 4, 5, 6 ಚುಕ್ಕಿಗಳು ಕನ್ನಡದಲ್ಲಿ 'ಣ'. ಅವೇ ಮುಂದಿನದು ಅಂಕಿ ಎಂದು ಸೂಚಿಸುವ ಚಿಹ್ನೆಯೂ ಹೌದು. ಕನ್ನಡದ ಶಬ್ದಗಳು ಸಾಮಾನ್ಯವಾಗಿ ಣಕಾರದಿಂದ ಆರಂಭವಾಗುವುದಿಲ್ಲವಾದ್ದರಿಂದ ಓದುವ ಬೆರಳಿಗೆ ಗೊಂದಲವಾಗುವುದಿಲ್ಲ. ಆದರೆ ಆ ನಿರ್ಣಯವನ್ನು ಮಾಡುವುದು ಓದುಗನ ಭಾಷಾಜ್ಞಾನವೇ ಹೊರತು ಸಂಕೇತವಲ್ಲ.

ಈ ಕುರಿತು ಯೂನಿಕೋಡ್ ಶಿಷ್ಟತೆ ತನ್ನ ನಿಲುವನ್ನು ಮುಚ್ಚಿಟ್ಟಿಲ್ಲ. ಬ್ರೈಲ್ ಉಪಕರಣಗಳು ಸಂದರ್ಭವನ್ನವಲಂಬಿಸಿದ ಪರಿವರ್ತನೆಯ ಗೊಡವೆಯಿಲ್ಲದೆ ವಿನ್ಯಾಸಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬೇಕು, ಅಂತಿಮ ರೂಪದ ದಸ್ತಾವೇಜು ಎಲ್ಲೆಡೆ ಯಥಾವತ್ತಾಗಿ ಮೂಡಬೇಕು ಎಂಬುದು ಈ ವಿಭಾಗದ ಉದ್ದೇಶ. ಅರ್ಥದ ಅರಿವು ಬೇಕಾದ ಸಂಸ್ಕರಣೆಯು ಆಯಾ ಲಿಪಿಯ ಸಾಮಾನ್ಯ ಸಂಕೇತಗಳಲ್ಲಿಯೇ ನಡೆಯಬೇಕೆಂದು ಅದು ಸ್ಪಷ್ಟಪಡಿಸುತ್ತದೆ. ಎಂದರೆ ಈ ಸಂಕೇತಗಳು ಮುದ್ರಣಕ್ಕೆ ಸಿದ್ಧವಾದ ಅಚ್ಚಿನ ಮೊಳೆಗಳಿದ್ದಂತೆ. ಕರ್ತೃವಿನ ಹಸ್ತಪ್ರತಿ ಬೇರೆಡೆ ಇರತಕ್ಕದ್ದು. ಶಿಷ್ಟತೆ ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ಬಳಕೆಯಲ್ಲಿ ಮೊಳೆಯನ್ನೇ ಹಸ್ತಪ್ರತಿಯೆಂದು ಭಾವಿಸುವ ಪ್ರವೃತ್ತಿ ಇದೆ.

4. ಭಾರತಿ ಬ್ರೈಲ್ ಮತ್ತು ಕನ್ನಡದ ಕ್ರಮ

ವಿನ್ಯಾಸ ಮತ್ತು ಅಕ್ಷರಗಳ ನಡುವಿನ ಅಂತರ ಕನ್ನಡದಲ್ಲಿ ಹೇಗೆ ತೋರುತ್ತದೆ ಎಂಬುದನ್ನು ತಿಳಿಯಲು ಭಾರತಿ ಬ್ರೈಲ್‌ನ ರಚನೆಯನ್ನು ಗಮನಿಸಬೇಕು. 20ನೆಯ ಶತಮಾನದ ಮಧ್ಯದವರೆಗೆ ಭಾರತೀಯ ಭಾಷೆಗಳಿಗೆ ಪರಸ್ಪರ ಹೊಂದದ ಹಲವು ಬ್ರೈಲ್ ಪದ್ಧತಿಗಳಿದ್ದವು. 1949ರಲ್ಲಿ ಭಾರತ ಸರ್ಕಾರ ಈ ಸಮಸ್ಯೆಯನ್ನು ಯುನೆಸ್ಕೋದ ಮುಂದಿಟ್ಟಿತು. 1951ರಲ್ಲಿ ಬೈರೂತ್‌ನಲ್ಲಿ ನಡೆದ ಸಮ್ಮೇಳನದ ತರುವಾಯ ಭಾರತಿ ಬ್ರೈಲ್ ಎಂಬ ಏಕರೂಪದ ಪದ್ಧತಿ ನೆಲೆಗೊಂಡಿತು. ಸಮಾನ ಧ್ವನಿಗೆ ಸಮಾನ ವಿನ್ಯಾಸ ಎಂಬುದು ಅದರ ಮೂಲತತ್ತ್ವ. ಕನ್ನಡದ 'ಕ', ದೇವನಾಗರಿಯ ಅದೇ ಅಕ್ಷರ, ತೆಲುಗಿನ ಅದೇ ಅಕ್ಷರ, ಎಲ್ಲವೂ 1, 3 ಚುಕ್ಕಿಗಳೇ. ದಕ್ಷಿಣದ ಭಾಷೆಗಳಿಗೆ ಅಗತ್ಯವಾದ ಎ-ಏ, ಒ-ಓ ಭೇದಗಳಿಗೂ ಇಲ್ಲಿ ಪ್ರತ್ಯೇಕ ವಿನ್ಯಾಸಗಳಿವೆ: ಎಕಾರಕ್ಕೆ 2, 6, ಏಕಾರಕ್ಕೆ 1, 5, ಒಕಾರಕ್ಕೆ 1, 3, 4, 6, ಓಕಾರಕ್ಕೆ 1, 3, 5.

ಈ ಪದ್ಧತಿಯಲ್ಲಿ ಬರೆಹದ ಕ್ರಮ ಯೂನಿಕೋಡ್ ಕನ್ನಡದ ಕ್ರಮಕ್ಕಿಂತ ಭಿನ್ನ. 'ಭಕ್ತಿ' ಎಂಬ ಶಬ್ದವನ್ನು ತೆಗೆದುಕೊಳ್ಳಬಹುದು. ಯೂನಿಕೋಡ್ ಕನ್ನಡದಲ್ಲಿ ಇದು ಭ, ಕ, ಹಲಂತ ಚಿಹ್ನೆ, ತ, ಇಕಾರದ ಗುಣಿತಚಿಹ್ನೆ ಎಂಬ ಐದು ಸಂಕೇತಗಳ ಸಾಲು. ಸಂಖ್ಯೆಗಳಲ್ಲಿ 3245, 3221, 3277, 3236, 3263. ಬ್ರೈಲ್‌ನಲ್ಲಿಯೂ ಐದೇ ಕೋಶಗಳು. ಆದರೆ ಅವುಗಳ ಕ್ರಮ ಭ, ಹಲಂತ, ಕ, ತ, ಇ: 10264, 10248, 10245, 10270, 10250. 4ನೆಯ ಚುಕ್ಕಿಯೊಂದರಿಂದಲೇ ಆಗುವ ಹಲಂತವು ಬ್ರೈಲ್‌ನಲ್ಲಿ ವ್ಯಂಜನಕ್ಕಿಂತ ಮೊದಲು ಬರುತ್ತದೆ, ಕನ್ನಡ ಸಂಕೇತದಲ್ಲಿ ಅನಂತರ ಬರುತ್ತದೆ. ಬೆರಳು ಎಡದಿಂದ ಬಲಕ್ಕೆ ಒಂದೊಂದೇ ಕೋಶವನ್ನು ಮುಟ್ಟುತ್ತ ಸಾಗುವುದರಿಂದ, ಮುಂದೆ ಸಂಯುಕ್ತಾಕ್ಷರವಿದೆ ಎಂಬ ಸೂಚನೆ ಮೊದಲೇ ದೊರೆಯುವುದು ಓದಿಗೆ ಅನುಕೂಲ.

ಇನ್ನೊಂದು ಭೇದ ಸ್ವರಗಳದು. ಕನ್ನಡ ಸಂಕೇತದಲ್ಲಿ ಸ್ವತಂತ್ರ ಇಕಾರಕ್ಕೆ ಒಂದು ಸಂಖ್ಯೆ, ಗುಣಿತದ ಇಕಾರಕ್ಕೆ ಇನ್ನೊಂದು. ಬ್ರೈಲ್‌ನಲ್ಲಿ ಎರಡಕ್ಕೂ 2, 4 ಚುಕ್ಕಿಗಳ ಒಂದೇ ಕೋಶ. ಕ್ಷ ಮತ್ತು ಜ್ಞಗಳು ಇದಕ್ಕೆ ವಿರುದ್ಧವಾದ ನಿದರ್ಶನಗಳು: ಕನ್ನಡ ಸಂಕೇತದಲ್ಲಿ ತಲಾ ಮೂರು ಸಂಖ್ಯೆಗಳಾಗುವ ಇವು ಬ್ರೈಲ್‌ನಲ್ಲಿ ತಲಾ ಒಂದೇ ಕೋಶ. 'ಅರ್ಕ' ಎಂಬಲ್ಲಿ ರೇಫೆಯು ಮುದ್ರಣದಲ್ಲಿ ಅರ್ಕಾವತ್ತಾಗಿ ಕಕಾರದ ಬಲಕ್ಕೆ ಸರಿಯುತ್ತದೆ. ಯೂನಿಕೋಡ್ ಮತ್ತು ಬ್ರೈಲ್‌ಗಳಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಕಕಾರಕ್ಕಿಂತ ಮೊದಲೇ ಇರುತ್ತದೆ. ರೇಫೆಯನ್ನು ಅರ್ಕಾವತ್ತಾಗಿಸದೆ ಪೂರ್ಣಾಕ್ಷರವಾಗಿ ತೋರಿಸಬೇಕಾದಾಗ ಗಣಕದಲ್ಲಿ ಅಗೋಚರವಾದ ಜೋಡಕ ಸಂಕೇತವೊಂದನ್ನು ಬಳಸುತ್ತಾರೆ. ಬ್ರೈಲ್‌ನಲ್ಲಿ ಆ ಭೇದಕ್ಕೆ ಎಡೆಯೇ ಇಲ್ಲ. ಕಣ್ಣಿಗೆ ಎರಡಾಗಿ ಕಾಣುವುದು ಬೆರಳಿಗೆ ಒಂದೇ.

5. ಬೇರೆ ದಾರಿಗಳಿದ್ದವೆ?

ಬ್ರೈಲನ್ನು ಸಂಕೇತಿಸಲು ಇನ್ನೆರಡು ಮಾರ್ಗಗಳನ್ನು ಊಹಿಸಬಹುದು. ಬ್ರೈಲ್ ಎಂಬುದು ಕನ್ನಡ ಅಕ್ಷರಗಳ ಇನ್ನೊಂದು ಅಕ್ಷರಶೈಲಿಯಷ್ಟೇ ಎಂದು ಭಾವಿಸಿ, ಪ್ರತ್ಯೇಕ ಸಂಕೇತಗಳೇ ಬೇಡವೆನ್ನುವುದು ಮೊದಲನೆಯದು. ಮೇಲೆ ಕಂಡ ನಿದರ್ಶನಗಳೇ ಇದನ್ನು ತಳ್ಳಿಹಾಕುತ್ತವೆ. ಕ್ರಮಪಲ್ಲಟ, ಹಲವನ್ನು ಒಂದಾಗಿಸುವ ಕೋಶಗಳು, ಇಂಗ್ಲಿಷಿನಂಥ ಭಾಷೆಗಳ ಸಂಕ್ಷೇಪಗಳು, ಇವೆಲ್ಲ ಅಕ್ಷರಶೈಲಿಯ ವ್ಯಾಪ್ತಿಯನ್ನು ಮೀರಿದವು.

ಪ್ರತಿ ಭಾಷೆಯ ಬ್ರೈಲಿಗೂ ಪ್ರತ್ಯೇಕ ಅಕ್ಷರಗಳನ್ನು ಕೊಡುವುದು ಎರಡನೆಯ ಮಾರ್ಗ: 'ಕನ್ನಡ ಬ್ರೈಲ್ ಕ', 'ಜಪಾನಿ ಬ್ರೈಲ್ ಕ' ಎಂಬಂತೆ. ಇದರಿಂದ ಅರ್ಥ ನಿಶ್ಚಿತವಾಗುತ್ತಿತ್ತು ನಿಜ. ಆದರೆ ಉಬ್ಬಚ್ಚಿನ ಯಂತ್ರಕ್ಕೂ ಸೂಜಿಗಳನ್ನೆತ್ತಿ ತೋರಿಸುವ ಬ್ರೈಲ್ ಫಲಕಕ್ಕೂ ಬೇಕಾದದ್ದು ಯಾವ ಚುಕ್ಕಿ ಏಳಬೇಕೆಂಬ ಮಾಹಿತಿ ಮಾತ್ರ. ಪ್ರತಿ ಯಂತ್ರವೂ ಎಲ್ಲ ಭಾಷೆಗಳ ಬ್ರೈಲ್ ಅಕ್ಷರಗಳನ್ನು ಅರಿತಿರಬೇಕಾದ ಸ್ಥಿತಿ ಬಂದರೆ ಸಣ್ಣ ಭಾಷೆಗಳೇ ಮೊದಲು ಹೊರಗುಳಿಯುತ್ತವೆ. ಅಲ್ಲದೆ ಬ್ರೈಲ್ ಪದ್ಧತಿಗಳು ಸ್ಥಿರವಲ್ಲ. ಅಂತರರಾಷ್ಟ್ರೀಯ ಇಂಗ್ಲಿಷ್ ಬ್ರೈಲ್ ಮಂಡಳಿ 2004ರಲ್ಲಿ ಮಾನ್ಯಮಾಡಿದ ಏಕೀಕೃತ ಇಂಗ್ಲಿಷ್ ಬ್ರೈಲ್ ಹಳೆಯ ಸಂಕ್ಷೇಪಗಳಲ್ಲಿ ಒಂಬತ್ತನ್ನು ಕೈಬಿಟ್ಟಿತು. ಅಮೆರಿಕ ಅದನ್ನು 2016ರ ಜನವರಿಯಿಂದ ಜಾರಿಗೆ ತಂದಿತು. ಅರ್ಥವನ್ನು ಸಂಕೇತದೊಳಗೆ ಬಂಧಿಸಿದ್ದರೆ ಇಂಥ ಪ್ರತಿ ಸುಧಾರಣೆಯೂ ಶಿಷ್ಟತೆಯನ್ನು ಅಲುಗಿಸುತ್ತಿತ್ತು. ಪದ್ಧತಿ ಬದಲಾದರೂ ವಿನ್ಯಾಸ ಬದಲಾಗಲಿಲ್ಲ. ಯೂನಿಕೋಡ್‌ನ ತಾಟಸ್ಥ್ಯವನ್ನು ಈ ಕಾರಣಕ್ಕಾಗಿ ಸಮರ್ಥಿಸಬೇಕಾಗುತ್ತದೆ.

6. ತಾಟಸ್ಥ್ಯದ ಬೆಲೆ

ಸಮರ್ಥನೀಯವಾದ ಆಯ್ಕೆಗೂ ಬೆಲೆ ಇದ್ದೇ ಇರುತ್ತದೆ. ಶಿಷ್ಟತೆಯ ವರ್ಗೀಕರಣದಲ್ಲಿ ಬ್ರೈಲ್ ವಿನ್ಯಾಸಗಳು 'ಅಕ್ಷರ'ಗಳಲ್ಲ, 'ಇತರ ಚಿಹ್ನೆ'ಗಳು. ಅಕ್ಷರಗಳನ್ನು ಗುರುತಿಸಿ ಶಬ್ದಗಳನ್ನು ಬಿಡಿಸುವ ತಂತ್ರಾಂಶಕ್ಕೆ ಬ್ರೈಲ್ ಪಠ್ಯದಲ್ಲಿ ಶಬ್ದಗಳೇ ಕಾಣುವುದಿಲ್ಲ. 10240ರ ಖಾಲಿ ಕೋಶವು ಓದುಗನಿಗೆ ಶಬ್ದಗಳ ನಡುವಿನ ತೆರಪು. ಶಿಷ್ಟತೆಯ ಪ್ರಕಾರ ಅದು ತೆರಪೇ ಅಲ್ಲ, ಇನ್ನೊಂದು ಚಿಹ್ನೆ. ತೆರಪನ್ನು ಹುಡುಕಿ ಒಡೆಯುವ ತಂತ್ರಾಂಶಕ್ಕೆ ಇಡೀ ಸಾಲು ಒಂದೇ ಶಬ್ದವಾಗಿ ತೋರುತ್ತದೆ. ಹೀಗಿರುವ ಕಡತದಿಂದ ಪದಸೂಚಿ, ನಿಘಂಟು, ಶೋಧ ಯಾವುದನ್ನೂ ನೇರವಾಗಿ ಸಾಧಿಸಲಾಗದು.

ಇದಕ್ಕಿಂತ ಹಿಂದಿನ ಸಂಪ್ರದಾಯವೊಂದು ಇಂದಿಗೂ ವ್ಯಾಪಕವಾಗಿದೆ. 64 ವಿನ್ಯಾಸಗಳನ್ನು ಆಸ್ಕಿ ಸಂಕೇತದ 64 ಚಿಹ್ನೆಗಳಿಂದ ಸೂಚಿಸುವ ಕ್ರಮ ಅದು. ಅದರಲ್ಲಿ 'ಭಕ್ತಿ' ಎಂಬುದು ಒಂದು ಕಾಕಪಾದ, ಒಂದು 'ಅಟ್' ಚಿಹ್ನೆ, ಅನಂತರ ಇಂಗ್ಲಿಷಿನ ಕೆ, ಟಿ, ಐ ಎಂಬ ದೊಡ್ಡಕ್ಷರಗಳಾಗಿ ಕಡತದಲ್ಲಿ ಉಳಿಯುತ್ತದೆ. ಕಡತದ ಮೇಲೆ ಭಾಷೆಯ ಹೆಸರು ಇಲ್ಲದಿದ್ದರೆ ಅದು ಕನ್ನಡವೆಂದು ತಿಳಿಯುವ ಬಗೆ ಯಾವುದು? ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿ-ಆಧಾರಿತ ಕಡತಗಳದೂ ಇದೇ ವ್ಯಾಧಿ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಚಿಹ್ನೆಗಳ ವೇಷದಲ್ಲಿ, ಕಣ್ಣಿಗೆ ಕಾಣುವ ಕ್ರಮದಲ್ಲಿ ಸಂಗ್ರಹವಾಗಿವೆ. ಅರ್ಕಾವತ್ತು ವ್ಯಂಜನದ ಅನಂತರವೇ ಕುಳಿತಿದೆ. ಮುದ್ರಿತ ಪುಟದಲ್ಲಿ ಸುಂದರವಾಗಿ ಕಾಣುವ ಈ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ನೇರವಾಗಿ ಬ್ರೈಲ್‌ಗೆ ಒಯ್ದರೆ ದೊರೆಯುವುದು ಅರ್ಥಹೀನ ಚುಕ್ಕಿಗಳು.

ಯೂನಿಕೋಡ್ ಕನ್ನಡ ಪಠ್ಯವೇ ಕೈಯಲ್ಲಿದ್ದರೂ ಎಚ್ಚರ ಅಗತ್ಯ. 'ಕೊ' ಎಂಬುದನ್ನು ಒಕಾರದ ಒಂದೇ ಗುಣಿತಚಿಹ್ನೆಯಿಂದಲೂ ಬರೆಯಬಹುದು; ಎಕಾರ ಮತ್ತು ಊಕಾರಗಳ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಶಿಷ್ಟತೆ ಸಾರುತ್ತದೆ, ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಚಿಹ್ನೆಯಿಂದ ಚಿಹ್ನೆಗೆ ಬದಲಿಸುವ ಪರಿವರ್ತನಾ ಕೋಷ್ಟಕಕ್ಕೆ ಎರಡನೆಯ ರೂಪ ಸಿಕ್ಕರೆ ಬೆರಳಿಗೆ ದೊರೆಯುವುದು 'ಕ', 'ಎ', 'ಊ' ಎಂಬ ಮೂರು ಕೋಶಗಳು. ಕಣ್ಣುಳ್ಳ ಕರಡು ತಿದ್ದುವವನಿಗೆ ಪರದೆಯಲ್ಲಿ ಈ ದೋಷ ಎಂದಿಗೂ ಕಾಣದು. ಅದು ತಗಲುವುದು ಓದುಗನ ಬೆರಳಿಗೆ ಮಾತ್ರ. ಪರಿವರ್ತನೆಗೆ ಮುನ್ನ ಪಠ್ಯವನ್ನು ಏಕರೂಪಗೊಳಿಸುವುದು ಕಡ್ಡಾಯವೆನ್ನುವುದು ಇದಕ್ಕಾಗಿ.

ಅರ್ಥ ಸಂಕೇತದಲ್ಲಿ ಇಲ್ಲವೆಂದರೆ ಅದು ಇನ್ನೆಲ್ಲೋ ಇರಲೇಬೇಕು. ಇಂದು ಅದು ಇರುವುದು ಪರಿವರ್ತನಾ ಕೋಷ್ಟಕಗಳಲ್ಲಿ. 2002ರಲ್ಲಿ ಆರಂಭವಾದ 'ಲಿಬ್‌ಲೂಯಿ' ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಕೋಷ್ಟಕಗಳಿವೆ. ಎನ್‌ವಿಡಿಎ ಎಂಬ ಉಚಿತ ಪರದೆ-ವಾಚಕವೂ ಬ್ರೈಲ್ ಫಲಕಕ್ಕಾಗಿ ಅದನ್ನೇ ಅವಲಂಬಿಸಿದೆ. ಹೀಗೆ ಕನ್ನಡ ಬ್ರೈಲ್‌ನ ವಾಸ್ತವ ವ್ಯಾಕರಣವು ಯೂನಿಕೋಡ್ ಗ್ರಂಥದಲ್ಲಿ ಇಲ್ಲ, ಸ್ವಯಂಸೇವಕರು ತಿದ್ದುತ್ತ ಬರುವ ಕೋಷ್ಟಕವೊಂದರಲ್ಲಿದೆ. ಕನ್ನಡದ ವ್ಯಾಕರಣಜ್ಞರೂ ಗ್ರಂಥಸಂಪಾದಕರೂ ತಮ್ಮ ಗಮನವನ್ನು ಹರಿಸಬೇಕಾದ ಸ್ಥಳ ಅದು. ಹಳಗನ್ನಡದ ಱ, ೞಗಳುಳ್ಳ ಕಾವ್ಯಪಾಠವನ್ನು ಬ್ರೈಲ್‌ಗೆ ತರುವಾಗ ಏನು ಮಾಡಬೇಕೆಂಬುದು ತಂತ್ರಜ್ಞರೊಬ್ಬರೇ ತೀರ್ಮಾನಿಸಬಹುದಾದ ಪ್ರಶ್ನೆಯಲ್ಲ.

7. ಗ್ರಂಥಾಲಯಗಳ ಹೊಣೆ

ಕಾನೂನಿನ ಅಡ್ಡಿಗಳು ಈಗ ಬಹುಮಟ್ಟಿಗೆ ನಿವಾರಣೆಯಾಗಿವೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು ಅಂಗವಿಕಲರಿಗೆ ಓದಲು ಸಾಧ್ಯವಾಗುವ ರೂಪಗಳಲ್ಲಿ ಕೃತಿಗಳನ್ನು ಸಿದ್ಧಪಡಿಸಲು ಅವಕಾಶ ನೀಡಿತು. 2013ರ ಮರ‍್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ಒಪ್ಪಂದ ಜಾರಿಗೆ ಬಂದಿತು. ಅನುಮತಿ ದೊರೆತ ಮೇಲೆ ಉಳಿಯುವುದು ಪಠ್ಯದ ಸ್ಥಿತಿಯ ಪ್ರಶ್ನೆ. ಒಂದು ಕೃತಿಯ ಉಬ್ಬಚ್ಚಿನ ಕಡತ ಮಾತ್ರ ಉಳಿದು, ಅದು ಯಾವ ಭಾಷೆಯದು, ಯಾವ ಕೋಷ್ಟಕದಿಂದ ಹುಟ್ಟಿತು ಎಂಬುದು ಮರೆತುಹೋದರೆ ಅದನ್ನು ತಿದ್ದುವುದಾಗಲಿ ಮರುಮುದ್ರಿಸುವುದಾಗಲಿ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡುವಷ್ಟೇ ಶ್ರಮವನ್ನು ಬೇಡುತ್ತದೆ. ಆ ಶ್ರಮವನ್ನು ಎರಡನೆಯ ಬಾರಿ ವಹಿಸುವವರು ವಿರಳ. ಹಾಗಾಗಿ ಆ ಪುಸ್ತಕವು ಅಂಧ ಓದುಗನ ಪಾಲಿಗೆ ಅಪ್ರಕಟಿತವಾಗಿಯೇ ಉಳಿಯುತ್ತದೆ.

ಆದುದರಿಂದ ಕನ್ನಡದ ಪ್ರಕಾಶನ ಸಂಸ್ಥೆಗಳು, ಅಕಾಡೆಮಿಗಳು ಮತ್ತು ಗ್ರಂಥಾಲಯಗಳು ಕೆಲವು ಕ್ರಮಗಳನ್ನು ರೂಢಿಗೆ ತರುವುದು ಉಚಿತ. ಏಕರೂಪಗೊಳಿಸಿದ ಯೂನಿಕೋಡ್ ಕನ್ನಡ ಪಠ್ಯವೇ ಮೂಲಪ್ರತಿಯೆಂದು ಸಂರಕ್ಷಿತವಾಗಬೇಕು. ಅದರಿಂದ ಹುಟ್ಟಿದ ಬ್ರೈಲ್ ಕಡತವನ್ನು ಆಸ್ಕಿಯ ವೇಷಕ್ಕಿಂತ ಯೂನಿಕೋಡ್ ಬ್ರೈಲ್ ವಿನ್ಯಾಸಗಳಲ್ಲಿ ಇಡುವುದು ಮೇಲು. ಆಗ ಕನಿಷ್ಠಪಕ್ಷ ಅದು ಬ್ರೈಲ್ ಎಂಬುದಾದರೂ ನಿಶ್ಚಿತ. ಸೂಚೀಪತ್ರದಲ್ಲಿ ಭಾಷೆ ಕನ್ನಡವೆಂದೂ ಲಿಪಿ ಬ್ರೈಲ್ ಎಂದೂ ಎರಡನ್ನೂ ನಮೂದಿಸಬೇಕು. ಅಂತರರಾಷ್ಟ್ರೀಯ ಲಿಪಿಸಂಕೇತಗಳ ಪಟ್ಟಿಯಲ್ಲಿ ಬ್ರೈಲ್‌ಗೆ 570 ಎಂಬ ಪ್ರತ್ಯೇಕ ಸಂಖ್ಯೆಯೇ ಇರುವುದರಿಂದ ಇದಕ್ಕೆ ಹೊಸ ಏರ್ಪಾಡೇನೂ ಬೇಕಿಲ್ಲ. ಬಳಸಿದ ಕೋಷ್ಟಕದ ಹೆಸರು ಮತ್ತು ಆವೃತ್ತಿಯನ್ನು ಗ್ರಂಥಸಂಪಾದನೆಯಲ್ಲಿ ಆಕರಪ್ರತಿಯನ್ನು ದಾಖಲಿಸುವಷ್ಟೇ ನಿಷ್ಠೆಯಿಂದ ದಾಖಲಿಸಬೇಕು. ಡೈಸಿ ಒಕ್ಕೂಟದ ಆಶ್ರಯದಲ್ಲಿ ರೂಪುಗೊಂಡಿರುವ ಇ-ಬ್ರೈಲ್ ಕಡತವಿನ್ಯಾಸವು ಯೂನಿಕೋಡ್ ಬ್ರೈಲನ್ನು ಬಳಸುವುದರ ಜೊತೆಗೆ ಬ್ರೈಲ್ ಪದ್ಧತಿಯ ಹೆಸರನ್ನೂ ಮಾಹಿತಿಯಾಗಿ ಹೊರುವುದು ಈ ದಿಕ್ಕಿನ ಹೆಜ್ಜೆ.

ಪ್ರಸ್ತಾರವು ಸಾಧ್ಯವಿರುವ ವೃತ್ತಗಳನ್ನೆಲ್ಲ ಪಟ್ಟಿಮಾಡುತ್ತದೆ; ಆ ವೃತ್ತದಲ್ಲಿ ಯಾರು ಯಾವ ಪದ್ಯವನ್ನು ಬರೆದರೆಂದು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಯೂನಿಕೋಡ್‌ನ ಬ್ರೈಲ್ ವಿಭಾಗ ಅಂಥ ಒಂದು ಪ್ರಸ್ತಾರ. ಪದ್ಯವನ್ನು ಕಾಪಾಡುವ ಕೆಲಸ ಆ ಭಾಷೆಯ ಸಂಸ್ಥೆಗಳದು.